ರೀಬಿಲ್ಡ್ ನಡುವೆ ಇನ್ನೊಂದು ಡಿಸ್ಕ್ ಕೈಕೊಟ್ಟರೆ

ಪ್ರಶ್ನೆ: ಶಿರಸಿಯಲ್ಲಿ ಮನೆಯಿಂದಲೇ ಫೋಟೊ ಸ್ಟುಡಿಯೊ ನಡೆಸುತ್ತೇನೆ. ಮದುವೆ, ಉಪನಯನಗಳ ಫೋಟೊಗಳು, ಯಕ್ಷಗಾನ ಆಟಗಳ ರಾತ್ರಿಯಿಡೀ ವಿಡಿಯೊಗಳು ಸೇರಿ ಸುಮಾರು 7 ಟಿಬಿ ಡೇಟಾ ನಾಲ್ಕು ಡಿಸ್ಕಿನ ಒಂದು ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಸಂಗ್ರಹ) ಪೆಟ್ಟಿಗೆಯಲ್ಲಿದೆ. 2017ರಲ್ಲಿ ಕೊಂಡದ್ದು, ಪ್ರತಿ ಡಿಸ್ಕ್ 4 ಟಿಬಿ, ರೇಡ್ 5 (ಡೇಟಾವನ್ನು ಹಲವು ಡಿಸ್ಕ್‌ಗಳಿಗೆ ಹಂಚಿಡುವ) ವ್ಯವಸ್ಥೆ. ಕಳೆದ ವಾರ ಮೂರನೆಯ ಡಿಸ್ಕಿನ ದೀಪ ಕೆಂಪಾಯಿತು. ಹೊಸ ಡಿಸ್ಕ್ ತಂದು ಹಾಕಿದೆ. ಹೋದ ಡಿಸ್ಕಿನ ಡೇಟಾವನ್ನು ಹೊಸದರಲ್ಲಿ ಮರುರಚಿಸುವ ರೀಬಿಲ್ಡ್ ಶೇ 61ಕ್ಕೆ ಬಂದಾಗ ನಾಲ್ಕನೆಯ ಡಿಸ್ಕೂ ಕೆಟ್ಟಿದೆ ಎಂದು ತೋರಿಸಿ, ವಾಲ್ಯೂಮ್ (ಎಲ್ಲ ಡಿಸ್ಕ್ ಸೇರಿದ ಒಟ್ಟು ಸಂಗ್ರಹ) ಕ್ರ್ಯಾಶ್ ಆಗಿದೆ ಎಂಬ ಸಂದೇಶ ಬಂದು ನಿಂತಿತು. ಇನಿಶಿಯಲೈಸ್ ಮಾಡಿ, ಅಂದರೆ ಡಿಸ್ಕ್‌ಗಳನ್ನು ಹೊಸದಾಗಿ ಸಿದ್ಧಪಡಿಸಿ, ನೋಡೋಣ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಡೇಟಾ ಸಿಗುತ್ತದೆಯೇ? ಒಂದು ಡಿಸ್ಕ್ ಹೋದರೂ ತೊಂದರೆಯಿಲ್ಲ ಎಂದೇ ರೇಡ್ ಹಾಕಿಸಿದ್ದೆ, ಹೀಗೇಕಾಯಿತು? ಮುಂದೆ ಏನು ಕೊಳ್ಳಲಿ?

ಉತ್ತರ: ಪೆಟ್ಟಿಗೆ ಇನ್ನೂ ಚಾಲೂ ಇದ್ದರೆ ಮೊದಲು ಅದನ್ನು ಆಫ್ ಮಾಡಿ, ಆಮೇಲೆ ಮುಂದಕ್ಕೆ ಓದಿ. ಅಂಗಡಿಯವರಿಗೆ ಇನಿಶಿಯಲೈಸ್ ಬೇಡವೇ ಬೇಡ ಎಂದು ಹೇಳಿಬಿಡಿ. ಹೊಸದಾಗಿ ಪೂಲ್ (ಡಿಸ್ಕ್‌ಗಳ ಗುಂಪು) ರಚಿಸುವುದು, ರಿಪೇರ್ ಗುಂಡಿ ಒತ್ತುವುದು, ಡಿಸ್ಕ್‌ಗಳ ಜಾಗ ಅದಲುಬದಲು ಮಾಡಿ ನೋಡುವುದು, ಯಾವುದೂ ಬೇಡ. ಮನೆಯ ನ್ಯಾಸ್‌ಗಳಲ್ಲಿ ಡೇಟಾ ಪೂರ್ತಿಯಾಗಿ ನಾಶವಾಗುವುದು ಡಿಸ್ಕ್ ಕೆಟ್ಟದ್ದರಿಂದಲೇ ಎಂದಲ್ಲ. ಅದರ ಮರುದಿನ ಗಾಬರಿಯಲ್ಲಿ ಯಾರೋ ಮಾಡಿದ ದುರಸ್ತಿಯಿಂದಲೂ ಆಗುತ್ತದೆ. ನೀವು ಬರೆದಿರುವುದಷ್ಟೇ ಆಗಿದ್ದರೆ, ಅದಕ್ಕಿಂತ ಮುಂದಕ್ಕೆ ಯಾರೂ ಕೈ ಹಾಕಿಲ್ಲದಿದ್ದರೆ, ನಿಮ್ಮ ಡೇಟಾದ ಬಹುಪಾಲು ಮರಳಿ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ಒಂದು ಡಿಸ್ಕಿಗೆ ಮಾತ್ರ ಖಾತರಿ ಕೊಟ್ಟ ವ್ಯವಸ್ಥೆಯಲ್ಲಿ ಎರಡು ಡಿಸ್ಕ್ ಹೋದ ಮೇಲೂ ಹೀಗೆ ಹೇಳುವುದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೆ ರೇಡ್ 5 ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಒಂದು ಪುಟದಲ್ಲಿ ಮೂರು ಮೊತ್ತಗಳನ್ನು ಬರೆದು ಕೆಳಗೆ ಕೂಡಿಸಿಟ್ಟಿದ್ದಾರೆ ಎನ್ನಿ. ಮೂರರಲ್ಲಿ ಒಂದು ಅಳಿಸಿಹೋದರೆ ಕೆಳಗಿನ ಮೊತ್ತದಿಂದ ಉಳಿದೆರಡನ್ನು ಕಳೆದು ಅದನ್ನು ಹಿಡಿಯಬಹುದು. ಎರಡು ಅಳಿಸಿಹೋದರೆ ಆಗದು. ರೇಡ್ 5 ಇಡೀ ಡಿಸ್ಕ್‌ಗಳ ಉದ್ದಕ್ಕೂ ಇಂಥ ಕೋಟ್ಯಂತರ ಪುಟಗಳನ್ನು ಮಾಡುತ್ತದೆ, ಆ ಕೂಡಿಸಿದ ಮೊತ್ತದಂಥ ತಾಳೆಯ ಅಂಕಿಯನ್ನು ಒಂದೊಂದು ಪುಟಕ್ಕೆ ಒಂದೊಂದು ಡಿಸ್ಕಿನಲ್ಲಿ ಇಡುತ್ತದೆ. ನಿಮ್ಮಲ್ಲಿ ಮೂರನೆಯ ಡಿಸ್ಕ್ ಹೊರಬಿದ್ದಾಗ ಪ್ರತಿ ಪುಟದಲ್ಲೂ ಒಂದು ಅಂಕಿ ಹೋಯಿತು. ಪೆಟ್ಟಿಗೆ 1, 2, 4ನೆಯ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ, ಹೋದ ಅಂಕಿಯನ್ನು ಲೆಕ್ಕ ಹಾಕಿ ಹೊಸ ಡಿಸ್ಕಿನ ಮೇಲೆ ಬರೆಯುತ್ತಾ ಹೋಯಿತು. ಶೇ 61ರ ಹತ್ತಿರ ನಾಲ್ಕನೆಯದರ ಯಾವುದೋ ಸೆಕ್ಟರ್, ಅಂದರೆ ಡಿಸ್ಕಿನ ಒಂದು ಸಣ್ಣ ತುಂಡು, ಓದಲಾಗಲಿಲ್ಲ. ಆ ಪುಟದಲ್ಲಿ ಎರಡು ಅಂಕಿ ಹೋದಂತಾಯಿತು.

ಮನುಷ್ಯನಾದರೆ ಆ ಒಂದು ಪುಟವನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದ. ಪೆಟ್ಟಿಗೆಯ ತಂತ್ರಾಂಶ ಹಾಗೆ ಮಾಡುವುದಿಲ್ಲ. ಡಿಸ್ಕ್ ನಂಬಿಕೆಗೆ ಯೋಗ್ಯವಲ್ಲ ಎಂದು ತೀರ್ಮಾನಿಸಿ ಅದನ್ನು ಹೊರಗೆ ಹಾಕುತ್ತದೆ, ಇಡೀ ವಾಲ್ಯೂಮ್ ಮುಚ್ಚುತ್ತದೆ. ನಾಲ್ಕನೆಯ ಡಿಸ್ಕಿನಲ್ಲಿ 40 ಸೆಕ್ಟರ್ ಕೆಟ್ಟಿವೆ ಎಂದೇ ಹಿಡಿಯಿರಿ. ಒಂದು ಸೆಕ್ಟರ್ 4,096 ಬೈಟ್, ಒಟ್ಟು 160 ಕೆಬಿ. ಆ ಪುಟಗಳಲ್ಲಿ ಮೂರನೆಯ ಡಿಸ್ಕಿನ ಪಾಲೂ ಹೋಗುವುದರಿಂದ ದುಪ್ಪಟ್ಟು ಎನ್ನೋಣ. ಅದು ಫೋಟೊಗಳಿದ್ದ ಜಾಗವಾದರೆ ಕೆಲವು ಫೋಟೊ ಕೆಡುತ್ತವೆ. ವಿಡಿಯೊ ಇದ್ದ ಜಾಗವಾದರೆ ಭಾಗವತರ ಪದ್ಯದ ನಡುವೆ ಅರೆಕ್ಷಣ ಚಿತ್ರ ಚೌಕಚೌಕವಾಗಿ ಒಡೆದೀತು. ಫೋಲ್ಡರ್‌ಗಳ ವಿವರ ಬರೆದಿಟ್ಟ ಜಾಗದಲ್ಲೇ ಕೆಟ್ಟಿದ್ದರೆ ತಲೆನೋವು ಜಾಸ್ತಿ, ಆದರೂ 7 ಟಿಬಿಯೂ ಹೋಯಿತು ಎನ್ನುವ ಹಾಗಿಲ್ಲ. ಇಷ್ಟು ಅಲ್ಪ ಹಾನಿಗೆ ಪೆಟ್ಟಿಗೆ ಪೂರ್ತಿ ಬಾಗಿಲು ಮುಚ್ಚುತ್ತದೆ ಎಂಬುದು ಬಳಸುವವರಿಗೆ ಯಾರೂ ಹೇಳದ ಸಂಗತಿ.

ಇನ್ನೊಂದು ಒಳ್ಳೆಯ ಸುದ್ದಿ ನಿಮ್ಮ ಪ್ರಶ್ನೆಯಲ್ಲೇ ಅಡಗಿದೆ. ರೀಬಿಲ್ಡ್ ಡಿಸ್ಕಿನ ಆರಂಭದಿಂದ ಅಂತ್ಯಕ್ಕೆ ಸಾಲಾಗಿ ಸಾಗುತ್ತದೆ. ಅದು ಶೇ 61ರವರೆಗೆ ಬಂದಿತ್ತು ಎಂದರೆ, ಅಲ್ಲಿಯವರೆಗಿನ ಮೂರನೆಯ ಡಿಸ್ಕಿನ ಪಾಲು ಈಗ ಹೊಸ ಡಿಸ್ಕಿನ ಮೇಲೆ ಇದೆ. ನಾಲ್ಕನೆಯದು ನಾಳೆ ಸಂಪೂರ್ಣ ಸತ್ತರೂ 1, 2 ಮತ್ತು ಹೊಸ ಡಿಸ್ಕಿನಿಂದ ಆ ಶೇ 61 ಭಾಗವನ್ನು ಲೆಕ್ಕ ಹಾಕಿ ಪಡೆಯಬಹುದು. ಹಾಗಾಗಿ 'ಅರ್ಧ ಬರೆದದ್ದು, ಕೆಲಸಕ್ಕೆ ಬಾರದು' ಎಂದು ಹೊಸ ಡಿಸ್ಕನ್ನು ಅಳಿಸಬೇಡಿ, ಅಂಗಡಿಗೆ ವಾಪಸು ಕೊಡಬೇಡಿ. ಮೊದಲು ಕೆಂಪಾಗಿದ್ದ ಹಳೆಯ ಮೂರನೆಯ ಡಿಸ್ಕ್ ಎಲ್ಲಿದೆ? ಗುಜರಿಗೆ ಹಾಕಿಲ್ಲ ತಾನೇ? ಅದೂ ಬೇಕು. ಹೊರಬಿದ್ದು ಒಂದು ವಾರವಷ್ಟೇ ಆಗಿದೆ. ಅದಾದ ಮೇಲೆ ನೀವು ಹೊಸದಾಗಿ ತುಂಬಿದ ಫೈಲ್‌ಗಳನ್ನು ಬಿಟ್ಟರೆ ಉಳಿದ ವರ್ಷಗಳ ಪಾಲು ಅದರಲ್ಲಿ ಹಾಗೆಯೇ ಇದೆ. ನಾಲ್ಕನೆಯದರಲ್ಲಿ ತೂತು ಬಿದ್ದ ಜಾಗದಲ್ಲಿ ಹಳೆಯ ಮೂರನೆಯದು ಓದಲು ಬಂದರೆ ಆ ತೂತೂ ಮುಚ್ಚುತ್ತದೆ. ಎರಡೂ ಒಂದೇ ಜಾಗದಲ್ಲಿ ಕೆಟ್ಟಿರುವುದು ಅಪರೂಪ. ಒಟ್ಟು ಐದು ಡಿಸ್ಕ್‌ಗಳು ನಿಮ್ಮ ಬಳಿ ಇರಬೇಕು.

ಈಗ ಕೆಲಸ. ಡಿಸ್ಕ್‌ಗಳನ್ನು ಟ್ರೇಯಿಂದ ತೆಗೆಯುವ ಮೊದಲು ಪ್ರತಿಯೊಂದಕ್ಕೂ ಕಾಗದದ ಟೇಪ್ ಅಂಟಿಸಿ, ಯಾವ ಗೂಡಿನದು ಎಂಬ ಸಂಖ್ಯೆಯನ್ನೂ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನೂ ಬರೆಯಿರಿ. ಹಳೆಯ ಮೂರನೆಯದಕ್ಕೂ ಹೊಸ ಮೂರನೆಯದಕ್ಕೂ ಬೇರೆ ಗುರುತು ಇರಲಿ. ಟೇಪನ್ನು ಬದಿಗೆ ಅಂಟಿಸಿ. ಮೇಲ್ಭಾಗದಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ರಂಧ್ರವೊಂದಿದ್ದರೆ ಅದು ಡಿಸ್ಕ್ ಉಸಿರಾಡುವ ಜಾಗ, ಮುಚ್ಚಬಾರದು. ಈ ಡಿಸ್ಕ್‌ಗಳನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೆ 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂಬ ಕಿಟಕಿ ತೆರೆದುಕೊಳ್ಳುತ್ತದೆ. ಡಿಸ್ಕ್ ಖಾಲಿ ಎಂದು ಅದರ ಅರ್ಥವಲ್ಲ. ಒಳಗಿರುವುದು ಲಿನಕ್ಸ್ ರೂಪದ್ದು, ವಿಂಡೋಸ್‌ಗೆ ಅದು ಓದಲು ಬಾರದು, ಅಷ್ಟೇ. ಬೇಡ ಎಂದು ಒತ್ತಿ ಮುಚ್ಚಿ.

ಮುಂದಿನ ಹೆಜ್ಜೆ ಕ್ಲೋನ್, ಅಂದರೆ ಡಿಸ್ಕಿನ ಅಕ್ಷರಶಃ ಪ್ರತಿ. ದುರಸ್ತಿಯ ಯಾವ ಪ್ರಯೋಗವೂ ಮೂಲ ಡಿಸ್ಕಿನ ಮೇಲೆ ನಡೆಯಕೂಡದು. ಇದಕ್ಕೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಉಪಕರಣವಿದೆ. ಪೆನ್‌ಡ್ರೈವಿನಿಂದ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಚಾಲೂ ಮಾಡಿ ಬಳಸಬಹುದು. ಸಾಮಾನ್ಯ ಕಾಪಿ ಮಾಡುವ ತಂತ್ರಾಂಶ ಕೆಟ್ಟ ಸೆಕ್ಟರ್ ಸಿಕ್ಕರೆ ಅಲ್ಲೇ ಕಚ್ಚಿಕೊಂಡು ಕೂರುತ್ತದೆ, ಕೆಡುತ್ತಿರುವ ಡಿಸ್ಕಿಗೆ ಅದೇ ಮಾರಕ. ಡಿಡಿರೆಸ್ಕ್ಯೂ ಹಾರಿ ಮುಂದೆ ಹೋಗುತ್ತದೆ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಬಿಟ್ಟ ಜಾಗಗಳನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟು ಕೊನೆಗೆ ಅವುಗಳಿಗೆ ಮರಳುತ್ತದೆ. ಕರೆಂಟು ಹೋದರೂ ಮ್ಯಾಪ್ ಫೈಲ್ ಇದ್ದರೆ ನಿಲ್ಲಿಸಿದಲ್ಲಿಂದ ಮುಂದುವರಿಸಬಹುದು. ಮ್ಯಾಪ್ ಫೈಲನ್ನು ಬೇರೊಂದು ಪೆನ್‌ಡ್ರೈವಿನಲ್ಲಿ ಇಡಿ. ಉಬುಂಟುವಿನ ಡೆಸ್ಕ್‌ಟಾಪಿನಲ್ಲಿ ಇಟ್ಟರೆ ಕಂಪ್ಯೂಟರ್ ಆಫ್ ಆದೊಡನೆ ಅದೂ ಹೋಗುತ್ತದೆ.

ನಿಮ್ಮ ಸಂದರ್ಭದಲ್ಲಿ ಒಂದು ಜಾಣತನ ಮಾಡಬಹುದು. ಶೇ 61ರವರೆಗಿನ ಭಾಗಕ್ಕೆ ಆಸರೆ ಇದೆ ಎಂದೆನಲ್ಲ, ಹಾಗಾಗಿ ನಾಲ್ಕನೆಯ ಡಿಸ್ಕನ್ನು ಆರಂಭದಿಂದ ಓದಿಸುವ ಬದಲು 2.3 ಟಿಬಿಯಿಂದ ಆಚೆಗಿನ ಭಾಗವನ್ನು ಮೊದಲು ಓದಿಸಿ. ಡಿಡಿರೆಸ್ಕ್ಯೂಗೆ ಆರಂಭದ ಸ್ಥಾನ ಹೇಳಲು ಬರುತ್ತದೆ. ಡಿಸ್ಕಿನ ಆಯುಷ್ಯ ಇನ್ನು ಕೆಲವೇ ಗಂಟೆ ಇದ್ದರೂ ಆ ಗಂಟೆಗಳು ಬೇರೆಲ್ಲೂ ಸಿಗದ ಡೇಟಾಕ್ಕೆ ವಿನಿಯೋಗವಾಗುತ್ತವೆ. ಆರಂಭದ ಭಾಗವನ್ನು ಆಮೇಲೆ ಓದಿಸಿದರಾಯಿತು. ಡಿಸ್ಕನ್ನು ಯುಎಸ್‌ಬಿ ಡಾಕ್ ಮೂಲಕ ಜೋಡಿಸಬೇಡಿ, ಓದಲಾಗದ ಸೆಕ್ಟರ್ ಬಂದಾಗ ಆ ಡಾಕ್‌ಗಳು ಆಗಾಗ ಸಂಪರ್ಕವನ್ನೇ ಕಡಿದುಕೊಳ್ಳುತ್ತವೆ. ಡೆಸ್ಕ್‌ಟಾಪ್ ಕಂಪ್ಯೂಟರಿನ ಸಾಟಾ ಕೇಬಲ್ಲಿಗೆ ನೇರವಾಗಿ ಹಾಕಿ, ಪಕ್ಕದಲ್ಲಿ ಒಂದು ಸಣ್ಣ ಫ್ಯಾನ್ ಇಡಿ. ಪರದೆಯ ಮೇಲೆ ಎಷ್ಟು ಪ್ರತಿಶತ ಬಂತು ಎಂಬುದಕ್ಕಿಂತ, ಕೊನೆಯ ಸಲ ಯಶಸ್ವಿಯಾಗಿ ಓದಿ ಎಷ್ಟು ಹೊತ್ತಾಯಿತು ಎಂದು ತೋರಿಸುವ ಸಾಲಿನ ಮೇಲೆ ಕಣ್ಣಿಡಿ. ಅದು ನಿಮಿಷಗಟ್ಟಲೆ ಏರುತ್ತಲೇ ಇದ್ದರೆ, ಅಥವಾ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಶುರುವಾದರೆ, ತಕ್ಷಣ ನಿಲ್ಲಿಸಿ. ಅಲ್ಲಿಂದ ಮುಂದೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

1 ಮತ್ತು 2ನೆಯ ಡಿಸ್ಕ್‌ಗಳಿಗೂ ಅಷ್ಟೇ ವಯಸ್ಸಾಗಿದೆ. ಖರ್ಚಿಗೆ ಹಿಂಜರಿಯದಿದ್ದರೆ ಅವುಗಳ ಪ್ರತಿಯನ್ನೂ ಮಾಡಿಕೊಳ್ಳಿ. ಪ್ರತಿಗಳು ಸಿದ್ಧವಾದ ಮೇಲೆ ಜೋಡಣೆ. ಸಿನಾಲಜಿ, ಕ್ಯುನ್ಯಾಪ್ ಮೊದಲಾದ ಕಂಪನಿಗಳ ಬಹುಪಾಲು ಪೆಟ್ಟಿಗೆಗಳ ಒಳಗೆ ಓಡುವುದು ಲಿನಕ್ಸಿನ ಮಾಮೂಲಿ ರೇಡ್ ವ್ಯವಸ್ಥೆಯೇ. ಪ್ರತಿ ಡಿಸ್ಕಿನಲ್ಲೂ ಅದು ಸಣ್ಣದೊಂದು ದಾಖಲೆ ಇಟ್ಟಿರುತ್ತದೆ: ಈ ಡಿಸ್ಕ್ ಯಾವ ಗುಂಪಿನದು, ಅದರಲ್ಲಿ ಎಷ್ಟನೆಯದು, ಮತ್ತು ಈವೆಂಟ್ಸ್ ಎಂಬ ಒಂದು ಎಣಿಕೆ. ಗುಂಪಿನಲ್ಲಿ ಬದಲಾವಣೆಯಾದಾಗಲೆಲ್ಲ ಆ ಎಣಿಕೆ ಮುಂದಕ್ಕೆ ಹೋಗುತ್ತದೆ. ನಿಮ್ಮಲ್ಲಿ 1, 2, 4ರ ಎಣಿಕೆಗಳು ಹತ್ತಿರಹತ್ತಿರ ಇರಬೇಕು, ಹಳೆಯ ಮೂರನೆಯದು ಹಿಂದೆ ಉಳಿದಿರಬೇಕು. ಯಾರು ಯಾವಾಗ ಹೊರಬಿದ್ದರು ಎಂಬುದಕ್ಕೆ ಇದೇ ಸಾಕ್ಷಿ. ಇದನ್ನು ನೋಡದೆ ಹಳೆಯ ಮೂರನೆಯದನ್ನೂ ಸೇರಿಸಿ ಒತ್ತಾಯದಿಂದ ಜೋಡಿಸಿದರೆ ಒಂದು ವಾರದ ಹಿಂದಿನ ಮತ್ತು ಇಂದಿನ ತುಣುಕುಗಳು ಬೆರೆತು ಫೋಲ್ಡರ್‌ಗಳು ಕಲಸುಮೇಲೋಗರವಾಗುತ್ತವೆ. ಈ ದಾಖಲೆಯನ್ನು ಓದುವುದು ನಿರಪಾಯ. ಹೊಸ ಗುಂಪು ರಚಿಸುವ ಆದೇಶ ಕೊಡುವುದು ಅಪಾಯ, ಏಕೆಂದರೆ ಅದು ಹಳೆಯ ದಾಖಲೆಯನ್ನು ಅಳಿಸಿ, ಕ್ರಮ ತಪ್ಪಿದ್ದರೆ ಡೇಟಾದ ಮೇಲೆಯೇ ತಾಳೆ ಅಂಕಿಗಳನ್ನು ಬರೆಯಲು ಶುರುಮಾಡಬಲ್ಲದು.

ಆದೇಶಗಳನ್ನು ಟೈಪಿಸುವ ಅಭ್ಯಾಸವಿಲ್ಲದವರಿಗೆ ಯುಎಫ್‌ಎಸ್ ಎಕ್ಸ್‌ಪ್ಲೋರರ್, ಆರ್-ಸ್ಟುಡಿಯೊದಂಥ ತಂತ್ರಾಂಶಗಳಿವೆ. ಇವು ಡಿಸ್ಕ್‌ಗಳ ಮೇಲೆ ಏನೂ ಬರೆಯದೆ ಗುಂಪನ್ನು ಕಲ್ಪನೆಯಲ್ಲಿ ಜೋಡಿಸಿ ಫೋಲ್ಡರ್‌ಗಳನ್ನು ತೋರಿಸುತ್ತವೆ. ಪರವಾನಗಿಗೆ ಹಣ ಕೊಡುವ ಮೊದಲೇ ಪ್ರಯೋಗದ ಆವೃತ್ತಿಯಲ್ಲಿ ನಿಮ್ಮ ಫೋಲ್ಡರ್‌ಗಳ ಹೆಸರು ಕಾಣುತ್ತವೆಯೇ ನೋಡಿ. ಹೆಸರು ಕಂಡರೆ ಸಾಲದು, ದೊಡ್ಡ ಫೋಟೊವೊಂದು ಕೆಳಗಿನ ತುದಿಯವರೆಗೂ ಸರಿಯಾಗಿ ಮೂಡಬೇಕು. ಮೇಲಿನ ಪಟ್ಟಿ ಸರಿಯಿದ್ದು ಕೆಳಗೆ ಬಣ್ಣಬಣ್ಣದ ಗೊಂದಲ ಕಂಡರೆ ಡಿಸ್ಕ್‌ಗಳ ಕ್ರಮವೋ, ಒಂದೊಂದು ಡಿಸ್ಕಿಗೆ ಹಂಚಿ ಬರೆದ ತುಣುಕಿನ ಅಳತೆಯೋ ತಪ್ಪಿದೆ ಎಂದರ್ಥ. ಮರಳಿ ಪಡೆದದ್ದನ್ನು ಇಡಲು ಕನಿಷ್ಠ 8 ಟಿಬಿಯ ಬೇರೆ ಡಿಸ್ಕ್ ಬೇಕಾಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಡಿಸ್ಕ್ ತಿರುಗದಿದ್ದರೆ, ಸದ್ದು ಮಾಡಿದರೆ, ಕಂಪ್ಯೂಟರಿಗೆ ಕಾಣಿಸದಿದ್ದರೆ ಪ್ರಯೋಗಾಲಯಕ್ಕೇ ಕೊಡಿ. ಒಳಗೆ ಓದುವ ತಲೆಗೂ ತಟ್ಟೆಗೂ ನಡುವೆ ಇರುವ ಅಂತರ ಕೆಲವೇ ನ್ಯಾನೊಮೀಟರ್. ಧೂಳಿಲ್ಲದ ಕೋಣೆಯ ಹೊರಗೆ ಮುಚ್ಚಳ ತೆಗೆದರೆ ಮುಗಿಯಿತು. ಫ್ರಿಜ್‌ನಲ್ಲಿ ಇಡುವ ಉಪಾಯ ಇನ್ನೂ ಓಡಾಡುತ್ತಿದೆ, ತೇವ ಕೂರುವುದು ಬಿಟ್ಟು ಅದರಿಂದ ಬೇರೇನೂ ಆಗದು. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ತೆಗೆದು ಹಾಕುವುದೂ ಈಗಿನ ಡಿಸ್ಕ್‌ಗಳಿಗೆ ನಡೆಯುವುದಿಲ್ಲ. ಆ ಡಿಸ್ಕಿಗಷ್ಟೇ ಹೊಂದುವ ಅಳತೆಗಳು ಅದರ ಬೋರ್ಡಿನ ಚಿಪ್ಪಿನಲ್ಲಿರುತ್ತವೆ. ಪ್ರಯೋಗಾಲಯವನ್ನು ಆರಿಸುವಾಗ ನಾಲ್ಕು ಮಾತು ಕೇಳಿ: ಪರೀಕ್ಷೆಯ ನಂತರವೇ ಅಂದಾಜು ಕೊಡುತ್ತೀರಾ, ಡೇಟಾ ಸಿಗದಿದ್ದರೆ ಶುಲ್ಕವೇನು, ಹಣ ಕಟ್ಟುವ ಮೊದಲು ಫೈಲ್‌ಗಳ ಪಟ್ಟಿ ತೋರಿಸುತ್ತೀರಾ, ಮೂಲ ಡಿಸ್ಕ್‌ಗಳನ್ನು ವಾಪಸು ಕೊಡುತ್ತೀರಾ. ಡಿಸ್ಕ್ ನೋಡದೆಯೇ ಫೋನಿನಲ್ಲಿ 'ನೂರಕ್ಕೆ ನೂರು ತೆಗೆದುಕೊಡುತ್ತೇವೆ' ಎನ್ನುವವರನ್ನು ಬಿಟ್ಟುಬಿಡಿ. ಐದೂ ಡಿಸ್ಕ್‌ಗಳನ್ನು, ಗೂಡಿನ ಸಂಖ್ಯೆಗಳ ಸಮೇತ, ಯಾವ ದಿನ ಏನಾಯಿತು ಎಂಬ ಚೀಟಿಯೊಂದಿಗೆ ಕೊಡಿ. ಆ ಚೀಟಿಯಿಂದ ಅವರ ಕೆಲಸ ಅರ್ಧ ಹಗುರವಾಗುತ್ತದೆ.

ಇನ್ನು, ಹೀಗೇಕಾಯಿತು ಎಂಬುದು. 1988ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಟ್ಜ್ ರೇಡ್‌ನ ಬಗ್ಗೆ ಬರೆದ ಪ್ರಬಂಧದಲ್ಲಿ ಲೆಕ್ಕಕ್ಕೆ ಹಿಡಿದ ಸಣ್ಣ ಡಿಸ್ಕಿನ ಗಾತ್ರ 100 ಎಂಬಿ. ನಿಮ್ಮ ಒಂದು ಡಿಸ್ಕ್ ಅದರ 40,000 ಪಟ್ಟು. ಗಾತ್ರ ಬೆಳೆದಷ್ಟು ಓದುವಿಕೆಯ ನಿಖರತೆ ಬೆಳೆಯಲಿಲ್ಲ. ಮನೆಬಳಕೆಯ ಅನೇಕ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ 10ರ 14ನೇ ಘಾತದಷ್ಟು ಬಿಟ್ ಓದಿದಾಗ ಒಂದು ಕಡೆ ಓದಲಾಗದಿರಬಹುದು ಎಂದು ತಯಾರಕರೇ ಬರೆದಿರುತ್ತಾರೆ. ಅದು 12.5 ಟಿಬಿ. ನಿಮ್ಮ ರೀಬಿಲ್ಡ್‌ಗೆ ಮೂರು ಡಿಸ್ಕ್‌ಗಳ ಖಾಲಿ ಜಾಗವನ್ನೂ ಸೇರಿಸಿ 12 ಟಿಬಿ ಓದಬೇಕಿತ್ತು. ನಿಜ ಜೀವನದಲ್ಲಿ ಡಿಸ್ಕ್‌ಗಳು ಈ ಅಂಕಿಗಿಂತ ಎಷ್ಟೋ ಚೆನ್ನಾಗಿ ನಡೆಯುತ್ತವೆ, ಇದರ ಮೇಲಿನಿಂದ ರೇಡ್ 5 ಸತ್ತೇಹೋಯಿತು ಎಂದು ಸಾರಿದವರ ಭವಿಷ್ಯವಾಣಿ ಫಲಿಸಲಿಲ್ಲ. ಆದರೆ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡು, ಒಂದೇ ಪೆಟ್ಟಿಗೆಯ ಬಿಸಿಯಲ್ಲಿ ಒಂದೇ ಸಮನೆ ವರ್ಷಗಟ್ಟಲೆ ತಿರುಗಿದ ನಾಲ್ಕು ಡಿಸ್ಕ್‌ಗಳಲ್ಲಿ ಒಂದು ಹೋದಾಗ ಉಳಿದ ಮೂರು ಹೊಸದರಂತೆ ಇರುತ್ತವೆ ಎಂದು ನಂಬುವುದೂ ತಪ್ಪು.

ನಾಲ್ಕನೆಯದು ಅಂದೇ ಕೆಟ್ಟಿತು ಎಂದೂ ಅಲ್ಲ. 2014ರ ಮದುವೆಯೊಂದರ ಫೋಟೊಗಳನ್ನು ಪೆಟ್ಟಿಗೆಗೆ ತುಂಬಿದ ಮೇಲೆ ಯಾರು ತೆರೆದು ನೋಡಿದ್ದಾರೆ? ಆ ಸೆಕ್ಟರ್ ಎಂದೋ ಕೆಟ್ಟಿರಬಹುದು. ರೀಬಿಲ್ಡ್ ಮೊದಲ ಬಾರಿಗೆ ಅಲ್ಲಿಗೆ ಹೋಗಿ ಬಾಗಿಲು ತಟ್ಟಿತು. ಇದನ್ನು ಮೊದಲೇ ಹಿಡಿಯಲು ಡೇಟಾ ಸ್ಕ್ರಬ್ಬಿಂಗ್ ಎಂಬ ವ್ಯವಸ್ಥೆ ಹೆಚ್ಚಿನ ಪೆಟ್ಟಿಗೆಗಳಲ್ಲಿದೆ. ತಿಂಗಳಿಗೊಮ್ಮೆ ಎಲ್ಲವನ್ನೂ ಓದಿ, ಕೆಟ್ಟದ್ದು ಕಂಡರೆ ಉಳಿದ ಡಿಸ್ಕ್‌ಗಳ ನೆರವಿನಿಂದ ಅಲ್ಲೇ ಸರಿಪಡಿಸುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಯಾರೂ ಆನ್ ಮಾಡಿರುವುದಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯ 5, 197, 198ನೆಯ ಸಾಲುಗಳಲ್ಲಿ ಸೊನ್ನೆಯ ಬದಲು ಅಂಕಿ ಮೂಡಿ ಅದು ಏರುತ್ತಿದ್ದರೆ ಡಿಸ್ಕ್ ಬದಲಿಸಿ. 199 ಏರುತ್ತಿದ್ದರೆ ಡಿಸ್ಕಿನ ಬದಲು ಕೇಬಲ್ಲನ್ನೋ ಜೋಡಣೆಯನ್ನೋ ಅನುಮಾನಿಸಿ. 2007ರಲ್ಲಿ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ ವರದಿಯ ಪ್ರಕಾರ, ಮೊದಲ ಸ್ಕ್ಯಾನ್ ದೋಷ (ತಟ್ಟೆಯನ್ನು ಪರೀಕ್ಷಿಸುವಾಗ ಸಿಗುವ ದೋಷ) ಕಂಡ ಡಿಸ್ಕ್ 60 ದಿನಗಳೊಳಗೆ ಕೆಡುವ ಸಂಭವ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಅದೇ ವರದಿಯಲ್ಲಿ ಕೆಟ್ಟ ಡಿಸ್ಕ್‌ಗಳ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ಪ್ರಮುಖ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟಿದ್ದವು. ಸ್ಮಾರ್ಟ್ ವರದಿ ಸ್ವಚ್ಛವಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ.

ಡಿಸ್ಕ್‌ಗಳು ಗಟ್ಟಿಮುಟ್ಟಾಗಿದ್ದೂ ಡೇಟಾ ಹೋದದ್ದುಂಟು. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಪೆಟ್ಟಿಗೆಗಳು ಜಗತ್ತಿನ ಹಲವೆಡೆ ರಾತ್ರೋರಾತ್ರಿ ಫ್ಯಾಕ್ಟರಿ ರೀಸೆಟ್ ಆಗಿ ಖಾಲಿಯಾದವು. 2015ರ ನಂತರ ಅವುಗಳ ತಂತ್ರಾಂಶಕ್ಕೆ ಪರಿಷ್ಕರಣೆ ಬಂದಿರಲಿಲ್ಲ, ಇಂಟರ್‌ನೆಟ್‌ಗೆ ತೆರೆದಿದ್ದ ಪೆಟ್ಟಿಗೆಗಳಿಗೆ ಹೊರಗಿನವರು ಆದೇಶ ಕಳಿಸಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯುಲಾಕರ್ ಎಂಬ ದಾಳಿಕೋರ ತಂತ್ರಾಂಶ ಕ್ಯುನ್ಯಾಪ್ ಪೆಟ್ಟಿಗೆಗಳ ಫೈಲ್‌ಗಳನ್ನು ಪಾಸ್‌ವರ್ಡ್ ಹಾಕಿದ ಸೆವೆನ್‌ಜಿಪ್ ಗಂಟುಗಳಾಗಿ ಕಟ್ಟಿ 0.01 ಬಿಟ್‌ಕಾಯಿನ್ ಕೇಳಿತು. ಇಂಥ ಸಮಯದಲ್ಲಿ ರೇಡ್ ಬೆಪ್ಪಾಗಿ, ಹಾಳಾದ ಡೇಟಾವನ್ನೇ ಎಲ್ಲ ಡಿಸ್ಕ್‌ಗಳ ಮೇಲೂ ನಿಷ್ಠೆಯಿಂದ ಬರೆಯುತ್ತದೆ. ಹೊರಗಿನಿಂದ ಸ್ಟುಡಿಯೊದ ಫೈಲ್ ನೋಡಬೇಕಿದ್ದರೆ ವಿಪಿಎನ್ (ಗುಪ್ತ ಸಂಪರ್ಕ ಮಾರ್ಗ) ಹಾಕಿಸಿಕೊಳ್ಳಿ, ರೌಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದಿಡಬೇಡಿ.

ಮುಂದೆ ಏನು ಕೊಳ್ಳುವುದು? ನನ್ನ ಅಭಿಪ್ರಾಯದಲ್ಲಿ ನಾಲ್ಕು ಡಿಸ್ಕಿನ ರೇಡ್ 5 ನಿಮ್ಮ ಕೆಲಸಕ್ಕೆ ಬೇಡ. 12 ಟಿಬಿಯ ಎರಡು ಡಿಸ್ಕ್‌ಗಳನ್ನು ಕನ್ನಡಿಯಂತೆ ನಡೆಸುವ ರೇಡ್ 1 ಸಾಕು. ಅದರಲ್ಲಿ ಪ್ರತಿ ಡಿಸ್ಕಿನಲ್ಲೂ ಇಡೀ ಡೇಟಾ ಇರುತ್ತದೆ. ಪೆಟ್ಟಿಗೆಯೇ ಸುಟ್ಟುಹೋದರೂ ಒಂದು ಡಿಸ್ಕನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ ಓದಬಹುದು. ಎರಡನ್ನೂ ಒಂದೇ ದಿನ ಒಂದೇ ಕಡೆ ಕೊಳ್ಳಬೇಡಿ. ಡಿಸ್ಕ್ ಸಿಎಂಆರ್ (ಡೇಟಾದ ಸಾಲುಗಳು ಒಂದರ ಮೇಲೊಂದು ಬೀಳದಂತೆ ಬರೆಯುವ) ಬಗೆಯದೇ ಎಂದು ಮಾದರಿ ಸಂಖ್ಯೆ ಹಾಕಿ ಖಚಿತಪಡಿಸಿಕೊಳ್ಳಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ನ್ಯಾಸ್‌ಗೆಂದೇ ಮಾರುತ್ತಿದ್ದ ರೆಡ್ ಡಿಸ್ಕ್‌ಗಳಲ್ಲಿ ಕೆಲವು ಎಸ್‌ಎಂಆರ್ (ಸಾಲುಗಳನ್ನು ಭಾಗಶಃ ಒಂದರ ಮೇಲೊಂದು ಬರೆಯುವ) ಬಗೆಯವೆಂದು ಬಯಲಾಗಿ ದೊಡ್ಡ ಗಲಾಟೆಯಾಗಿತ್ತು. ಆ ಬಗೆಯವು ರೀಬಿಲ್ಡ್ ವೇಳೆ ತೆವಳುತ್ತವೆ. ತನ್ನದೇ ಗುಟ್ಟಿನ ರೂಪದಲ್ಲಿ ಡೇಟಾ ಇಡುವ ಪೆಟ್ಟಿಗೆಯೂ ಬೇಡ. ಛಾಯಾಗ್ರಾಹಕರಿಗೆ ಅಚ್ಚುಮೆಚ್ಚಾಗಿದ್ದ ಡ್ರೋಬೊ ಹಾಗಿತ್ತು, ಕಂಪನಿ 2022ರಲ್ಲಿ ದಿವಾಳಿ ಅರ್ಜಿ ಹಾಕಿತು, ಪೆಟ್ಟಿಗೆ ಕೆಟ್ಟರೆ ಅದೇ ಕಂಪನಿಯ ಇನ್ನೊಂದು ಪೆಟ್ಟಿಗೆಯನ್ನು ಎಲ್ಲಿಂದ ತರುವುದು?

ಹೀಗೆ ಉಳಿಸಿದ ಹಣದಲ್ಲಿ ಎರಡು ಹೊರಗಿನ ಡಿಸ್ಕ್ ಕೊಳ್ಳಿ. ಇದೇ ನಿಮ್ಮ ನಿಜವಾದ ಬ್ಯಾಕಪ್. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ 3-2-1 ನಿಯಮವನ್ನು ಪ್ರಚಾರಕ್ಕೆ ತಂದವರು ನಿಮ್ಮದೇ ವೃತ್ತಿಯ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಕ್ಲೌಡ್‌ಗೆ ಹಾಕುತ್ತೇನೆ ಎಂದರೆ, ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 7 ಟಿಬಿ ಏರಿಸಲು ಹಗಲುರಾತ್ರಿ ಓಡಿಸಿದರೂ 32 ದಿನ ಬೇಕು. ಒಂದು ಡಿಸ್ಕ್ ಮನೆಯ ಕಪಾಟಿನಲ್ಲಿ, ಇನ್ನೊಂದು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿ ಇರಲಿ. ಹೋಗಿಬರುವಾಗ ಅದಲುಬದಲು ಮಾಡಿ. ಬ್ಯಾಕಪ್ ಮುಗಿದೊಡನೆ ಕೇಬಲ್ ಕಿತ್ತಿಡಬೇಕು, ಸದಾ ಜೋಡಿಸಿಟ್ಟ ಡಿಸ್ಕಿಗೂ ದಾಳಿಕೋರರ ಕೈ ತಲುಪುತ್ತದೆ. ಪ್ರತಿ ಸಲ ಕೆಲವು ಫೋಲ್ಡರ್‌ಗಳನ್ನಾದರೂ ಆ ಡಿಸ್ಕಿನಿಂದಲೇ ತೆರೆದು ನೋಡಿ. ಮದುವೆಯ ಫೋಟೊಗಳನ್ನು ಗ್ರಾಹಕರಿಗೆ ಕೊಡುವವರೆಗೆ ಕ್ಯಾಮೆರಾದ ಕಾರ್ಡ್ ಅಳಿಸದಿರುವುದೂ ಒಂದು ಬ್ಯಾಕಪ್ಪೇ.

ಕರೆಂಟಿನ ವಿಷಯಕ್ಕೆ ಒಂದೇ ಮಾತು. ಮನೆಯ ಇನ್ವರ್ಟರಿಗೆ ಪೆಟ್ಟಿಗೆಯನ್ನು ಜೋಡಿಸಿದ್ದರೆ ಇನ್ವರ್ಟರಿನ ಗುಂಡಿ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಬದಲಾಗುವ ಆ ಚೂರು ಅವಧಿಯಲ್ಲೇ ಪೆಟ್ಟಿಗೆ ಆರಿಹೋಗಬಹುದು. ಯುಎಸ್‌ಬಿ ತಂತಿಯಿಂದ ಪೆಟ್ಟಿಗೆಗೆ ಸೂಚನೆ ಕೊಡುವ ಸಣ್ಣ ಯುಪಿಎಸ್ ಇನ್ನೂ ಒಳ್ಳೆಯದು, ಬ್ಯಾಟರಿ ಮುಗಿಯುವ ಮೊದಲು ಪೆಟ್ಟಿಗೆ ತಾನೇ ಕ್ರಮವಾಗಿ ಆಫ್ ಆಗುತ್ತದೆ. ಗುಡುಗು ಸಿಡಿಲಿನ ಮಳೆಯಲ್ಲಿ ಪ್ಲಗ್ಗಿನ ಜೊತೆ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡಿ.

ಡೇಟಾ ಸಿಕ್ಕ ಮೇಲೆ ಐದು ಡಿಸ್ಕ್‌ಗಳನ್ನು ಕೂಡಲೇ ವಿಲೇವಾರಿ ಮಾಡಬೇಡಿ. ಯಾವುದೋ ಫೋಲ್ಡರ್ ಖಾಲಿ ಇರುವುದು ಗ್ರಾಹಕರೊಬ್ಬರು ಆಲ್ಬಮ್ ಕೇಳಿಕೊಂಡು ಬಂದಾಗಲೇ ತಿಳಿಯುತ್ತದೆ. ಒಂದು ಮದುವೆ ಸೀಸನ್ ಕಳೆಯುವವರೆಗೆ ಹಾಗೇ ಎತ್ತಿಡಿ. ಆಮೇಲೆ ಹೊಸದನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳಬಹುದು. ಹಳೆಯ ನಾಲ್ಕು ಡಿಸ್ಕ್‌ಗಳನ್ನು ಮಾತ್ರ ಪೂರ್ತಿ ಅಳಿಸಿಯೋ, ಅಳಿಸಲಾಗದಷ್ಟು ಕೆಟ್ಟಿದ್ದರೆ ಡ್ರಿಲ್ಲಿನಿಂದ ತಟ್ಟೆಗಳಿಗೆ ತೂತು ಹೊಡೆಸಿಯೋ ಗುಜರಿಗೆ ಕೊಡಿ. ಅವುಗಳ ಮೇಲಿರುವುದು ಬೇರೆಯವರ ಮನೆಯ ಫೋಟೊಗಳು.